ಸೊಸೈಟಿ ಅಕ್ಕಿಯೂ ಸೋನಾಮಸೂರಿ ಹೆಣ್ಣುಮಕ್ಕಳೂ

ಚನ್ನಗಿರಿಯಲ್ಲಿ ಬಿ.ಎಡ್. ಓದುವಾಗ ನಾವು ಮೂವರು ಹುಡುಗಿಯರು ಒಂದು ರೂಮಿನಲ್ಲಿದ್ದೆವು. ರೂಮು ಎನ್ನುವುದು ದೊಡ್ಡ ಮಾತು. ಓನರ್ ಆಂಟಿ ಮೊದಲು ಅದರಲ್ಲಿ ಹಳೇ ಡ್ರಮ್ಮು, ಕಾಲು ಮುರಿದ ಮಂಚ, ತೆಂಗಿನಕಾಯಿ ಇಡುತ್ತಿದ್ದರಂತೆ. ಬಾಡಿಗೆ ಬರುತ್ತದೆ ಎಂದು ಗೊತ್ತಾದ ಮೇಲೆ ತೆಂಗಿನಕಾಯಿ ಹೊರಗೆ ಹಾಕಿ ನಮ್ಮನ್ನು ಒಳಗೆ ಹಾಕಿದರು. ಗೆಳತಿಯರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಒಬ್ಬಳು ಈಗ ಮೇಡಂ ಆಗಿದ್ದಾಳೆ, ಬಾಯಿ ಜೋರು. ಇನ್ನೊಬ್ಬಳ ಹೆಸರು ಬರೆಯುವ ಯೋಗ್ಯತೆ ನನಗಿಲ್ಲ. ಹೇಗೂ ನಾವು ಒಬ್ಬರನ್ನೊಬ್ಬರು ಊರಿನಿಂದಲೇ ಕರೆಯುತ್ತಿದ್ದೆವು. ಹೊನ್ನಾಳಿ ತಾಲೂಕಿನವಳು ಸಾಸ್ವೆಹಳ್ಳಿ, ಜಗಳೂರು ಕಡೆಯವಳು ಜಗಳೂರು, ನ್ಯಾಮತಿ ತಾಲೂಕಿನ ನಾನು ಗೋವಿನಕೋವಿ. ಕೌನ್ಸೆಲಿಂಗ್‌ನಲ್ಲಿ ಸೀಟು ಎಲ್ಲಿ ಬಿತ್ತೋ ಅಲ್ಲಿಗೆ ಪೆಟ್ಟಿಗೆ ಹೊತ್ತು ಬಂದವರು ನಾವು.

ಮೂವರಲ್ಲಿ ಜಗಳೂರು ಎರಡು ವರ್ಷ ದೊಡ್ಡವಳು. ಡಿಗ್ರಿ ಮುಗಿಸಿ ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ, ಮತ್ತೆ ಮಡಚಿಡುವ ಕೆಲಸ ಮಾಡಿ, ಕೂಡಿಟ್ಟ ದುಡ್ಡಿನಲ್ಲಿ ಫೀಸು ಕಟ್ಟಿದ್ದಳು. ಅವಳಪ್ಪ ಗಾರೆ ಕೆಲಸದವರು. ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿರಲಿಲ್ಲ. ಬಂದ ದಿನವೇ ಅವಳು ತನ್ನ ಕಥೆಯನ್ನು ನಗುತ್ತಾ ಹೇಳಿಬಿಟ್ಟಳು.

"ನಮ್ಮಪ್ಪ ತಿಂಗ್ಳಾ ಇಷ್ಟೇ ಕೊಡಾಕೆ ಆಗೋದು ಅಂದಾನೆ. ಇದ್ರಾಗೆ ರೂಮೂ ಊಟಾನೂ ಸಾಗಿದ್ರೆ ಓದು, ಸಾಗ್ಲಿಲ್ಲಾಂದ್ರೆ ವಾಪಸ್ ಬಂದು ಸೀರೆ ಮಡಚು ಅಂದ. ಅದಕ್ಕೇ ನೋಡ್ರೇ, ಒಂದು ಉಪಾಯ ಮಾಡೀನಿ."

ಉಪಾಯ ಒಂದು ಚೀಲದಲ್ಲಿತ್ತು. ಬಾಯಿ ಬಿಚ್ಚಿ ತೋರಿಸಿದಳು. ನ್ಯಾಯಬೆಲೆ ಅಂಗಡಿಯ ಅಕ್ಕಿ, ನಾವು ಸೊಸೈಟಿ ಅಕ್ಕಿ ಎನ್ನುವುದು. ಮನೆಯಲ್ಲಿ ಮುದ್ದೆ, ರೊಟ್ಟಿ ಹೆಚ್ಚು ತಿನ್ನುವುದರಿಂದ ತಿಂಗಳಾ ಅಕ್ಕಿ ಮಿಗುತ್ತದೆ, ಮೂವರಿಗೂ ಸಾಕಾಗುವಷ್ಟು ನಾನೇ ತರುತ್ತೇನೆ, ಅಕ್ಕಿಗೆ ಯಾರೂ ದುಡ್ಡು ಹಾಕುವುದೇ ಬೇಡ, ನನ್ನ ಪಾಲಿನ ಖರ್ಚು ಅದರಲ್ಲೇ ಮುರಿದುಕೊಳ್ಳಿ, ಇಷ್ಟೇ ಅವಳ ಲೆಕ್ಕ. ತಲೆ ಇರುವ ಯಾರಾದರೂ ಅವಳ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಮಗೆ ತಲೆ ಇರಲಿಲ್ಲ, ಮೂಗು ಮಾತ್ರ ಇತ್ತು. ಮುರಿದೆವು.

"ಲೇ, ನಾವು ಹೊಳೆ ಸಾಲಿನೋರು, ಭತ್ತದ ಸೀಮೆಯೋರು ಕಣೇ. ಹುಟ್ಟಿದಾಗಿಂದ ಸೋನಾಮಸೂರಿ ಬಿಟ್ಟು ಬ್ಯಾರೆ ತಿಂದಿಲ್ಲ. ಇದು ನಂಗೆ ಗಂಟ್ಲಾಗೆ ಇಳಿಯಲ್ಲ" ಎಂದಳು ಸಾಸ್ವೆಹಳ್ಳಿ.

ನಾನು ಸುಮ್ಮನಿರಬಹುದಿತ್ತು. ನಾಲಿಗೆ ಸುಮ್ಮನಿರಲಿಲ್ಲ. "ನಮ್ಮನೇಲಿ ಇದನ್ನ ಕೋಳಿಗೆ ಹಾಕ್ತಾರೆ" ಎಂದೆ.

ನಮ್ಮ ಮನೆಯಲ್ಲಿ ಕೋಳಿಯೇ ಇರಲಿಲ್ಲ. ಗದ್ದೆ ಇತ್ತು, ಸೋನಾ ಬೆಳೆಯುತ್ತಿದ್ದೆವು, ಅದೂ ನಿಜ. ಆದರೆ ಕೊಯ್ಲಿನ ಮೆಷಿನ್ನು ಗದ್ದೆಯಿಂದ ಹೊರಗೆ ಬರುವ ಮೊದಲೇ ವ್ಯಾಪಾರಿಯ ಲಾರಿ ಬದುವಿನ ಹತ್ತಿರ ನಿಂತಿರುತ್ತಿತ್ತು. ಭತ್ತ ಹೋಗುತ್ತಿತ್ತು, ದುಡ್ಡು ಬರುತ್ತಿತ್ತು, ಅಮ್ಮ ಚೀಲ ಹಿಡಿದು ಸೊಸೈಟಿ ಮುಂದೆ ಬೆರಳಚ್ಚು ಒತ್ತಲು ಕ್ಯೂ ನಿಲ್ಲುತ್ತಿದ್ದಳು. ಸೋನಾ ಅಕ್ಕಿಯ ಒಂದು ಮೂಟೆ ಅಟ್ಟದ ಮೇಲೆ ಇರುತ್ತಿತ್ತು, ನೆಂಟರು ಬಂದಾಗ ಇಳಿಸಲಿಕ್ಕೆ. ನನ್ನನ್ನು ರೂಮಿಗೆ ಕಳಿಸುವಾಗ ಅಮ್ಮ ಅದರಲ್ಲಿ ಎರಡು ಸೇರು ಕಟ್ಟಿಕೊಟ್ಟು, "ಮೊದ್ಲ ದಿನ ಇದನ್ನೇ ಮಾಡವ್ವ, ಮಂದಿ ಏನಂದ್ಕೊಂಡಾರು" ಎಂದಿದ್ದಳು. ಅಂಥ ತಾಯಿಯ ಹೊಟ್ಟೆಯಲ್ಲಿ ನಾನು ಹುಟ್ಟಿದ್ದೇನೆ. ಜಂಭ ರಕ್ತದಲ್ಲೇ ಬಂದಿದೆ.

ಜಗಳೂರು ಚೀಲದ ಬಾಯಿ ಕಟ್ಟಿ ಮೂಲೆಗೆ ಸರಿಸಿದಳು. ಬೇಜಾರು ತೋರಿಸಲಿಲ್ಲ. ಮಾರನೇ ದಿನ ಅದನ್ನು ಬಂದಷ್ಟಕ್ಕೆ ಮಾರಿ, ಇನ್ನಷ್ಟು ದುಡ್ಡು ಸೇರಿಸಿ ತನ್ನ ಪಾಲಿನ ಸೋನಾ ತಂದಳು. ಮೂರು ಸೇರು ಕೊಟ್ಟು ಒಂದು ಸೇರು ತಂದಂತಾಯಿತು. ನಮಗೆ ಸಮಾಧಾನವಾಯಿತು.

ಆಮೇಲೆ ಶುರುವಾಯಿತು ನಮ್ಮ ಸಂಸಾರ. ಅಕ್ಕಿಗೇ ದುಡ್ಡೆಲ್ಲ ಹೋದ ಮೇಲೆ ಉಳಿದದ್ದಕ್ಕೆ ಏನಿದೆ? ಬೇಳೆ ಕಾಲು ಕೇಜಿ, ಎಣ್ಣೆ ಸಣ್ಣ ಪಾಕೀಟು, ಸಾಂಬಾರ್ ಪುಡಿ ಐದು ರೂಪಾಯಿಯದ್ದು. ದಿನಸಿ ಅಂಗಡಿಗೆ ಹೋಗುವುದೆಂದರೆ ಮರ್ಯಾದೆ ಕಳೆದುಕೊಂಡು ಬರುವ ಕಾರ್ಯಕ್ರಮ. ಮೊದಲಾಗಿದ್ದರೆ ಮೆಲ್ಲಗೆ ಹತ್ತು ರೂಪಾಯಿ ಕೊಟ್ಟು ಬೇಳೆ ಕಟ್ಟಿಸಿಕೊಂಡು ಬರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಎಲ್ಲ ಫೋನಿನಲ್ಲಿ. ಸ್ಕ್ಯಾನ್ ಮಾಡಿದ ಕೂಡಲೇ ಗಲ್ಲಾಪೆಟ್ಟಿಗೆ ಮೇಲಿನ ಡಬ್ಬಿ ಇಡೀ ಬೀದಿಗೆ ಕೇಳುವ ಹಾಗೆ "ಹನ್ನೆರಡು ರೂಪಾಯಿ ಬಂದಿದೆ" ಎಂದು ಸಾರುತ್ತದೆ. ಒಂದು ಸಲ ನಮ್ಮ ಮನೋವಿಜ್ಞಾನದ ಸರ್ ಪಕ್ಕದಲ್ಲೇ ನಿಂತು ಗೋಡಂಬಿ ತೂಗಿಸಿಕೊಳ್ಳುತ್ತಿದ್ದರು. ಡಬ್ಬಿ ನನ್ನ ಹನ್ನೆರಡನ್ನು ಕೂಗಿತು. ಅವರು ತಿರುಗಿ ನೋಡಿ ಪ್ರೀತಿಯಿಂದ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತರಕಾರಿಗೆ ಸಂತೆಯ ದಿನ ಸಂಜೆ ಹೋಗುತ್ತಿದ್ದೆವು, ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತಿಗೆ. ಆಗ ತಕ್ಕಡಿ ಎತ್ತಿಟ್ಟು ಉಳಿದದ್ದನ್ನು ಗುಡ್ಡೆ ಹಾಕಿ ಕೂಗುತ್ತಾರೆ. ಗುಡ್ಡೆಯ ಮೇಲೆ ನಾಲ್ಕು ಒಳ್ಳೆಯ ಬದನೆಕಾಯಿ ನಗುತ್ತಿರುತ್ತವೆ, ಅಡಿಯಲ್ಲಿ ಹುಳುಗಳ ಒಕ್ಕಲು. ಸಾಸ್ವೆಹಳ್ಳಿಗೆ ಚೌಕಾಸಿ ಮಾಡುವುದೆಂದರೆ ಪ್ರಾಣ. ಹತ್ತು ರೂಪಾಯಿಯ ಗುಡ್ಡೆಗೆ ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಕೊಸರು ಕೇಳುತ್ತಿದ್ದಳು. "ಎರಡು ಕಡ್ಡಿ ಕೊತ್ತಂಬ್ರಿ ಹಾಕವ್ವ, ಅಷ್ಟೂ ಇಲ್ಲಾಂದ್ರೆ ಹೆಂಗೆ?" ಒಬ್ಬ ಅಜ್ಜಿ ರೋಸಿಹೋಗಿ, "ತಗಳವ್ವ ತಾಯಿ, ಚೀಲಾನೂ ನೀನೇ ತಗಂಡ್ ಹೋಗು, ನಾ ಹಂಗೇ ನಡ್ಕಂಡ್ ಹೋಗ್ತೀನಿ" ಎಂದು ಕೈಮುಗಿದಳು. ಸಾಸ್ವೆಹಳ್ಳಿ ನಾಚಲಿಲ್ಲ. ಒಂದು ನಿಂಬೆಹಣ್ಣೂ ಎತ್ತಿಕೊಂಡಳು.

ನಮ್ಮ ಬುದ್ಧಿವಂತಿಕೆಯ ತುತ್ತತುದಿ ಹೊನ್ನಾಳಿ ಪ್ರಯಾಣ. ಚನ್ನಗಿರಿಯಲ್ಲಿ ಟೊಮೇಟೊ ರೇಟು ಏರಿತ್ತು. ಹೊನ್ನಾಳಿ ಸಂತೆಯಲ್ಲಿ ಕೇಜಿಗೆ ಹತ್ತು ರೂಪಾಯಿ ಕಮ್ಮಿ ಎಂದು ಸಾಸ್ವೆಹಳ್ಳಿ ಯಾರಿಂದಲೋ ಕೇಳಿಕೊಂಡು ಬಂದಳು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ. ಇನ್ನೇನು ಬೇಕು!

"ಮೂರು ಕೇಜಿ ಟೊಮೇಟೋಕ್ಕೆ ಅಷ್ಟು ದೂರ ಯಾಕ್ರೇ? ಹುಣಸೇಹಣ್ಣು ಹಾಕಿದ್ರೆ ಸಾರು ಆಗಲ್ಲೇನು?" ಎಂದಳು ಜಗಳೂರು.

ಅವಳ ಮಾತಿಗೆ ಬೆಲೆಯೇ ಇರಲಿಲ್ಲ. ನಾವಿಬ್ಬರೇ ಹೋದೆವು, ಅಂದರೆ ಹೋಗಲು ನಿಂತೆವು. ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಖಾಲಿ ಹೊಡೆದುಕೊಂಡು ಹೋದವು, ಕಂಡಕ್ಟರುಗಳು ಕೈಹಿಡಿದು ಕರೆಯುವುದೊಂದು ಬಾಕಿ. ನಾವು ಫ್ರೀ ಬಸ್ಸಿಗಾಗಿ ಬಿಸಿಲಿನಲ್ಲಿ ಎರಡು ಗಂಟೆ ತಪಸ್ಸು ಮಾಡಿದೆವು. ಅದು ಬಂದಾಗ ಇಡೀ ಜಿಲ್ಲೆಯ ಹೆಣ್ಣುಮಕ್ಕಳು ಅದರಲ್ಲೇ ಇದ್ದರು. ಹೊನ್ನಾಳಿಯಲ್ಲಿ ಟೊಮೇಟೊ ನಿಜವಾಗಿಯೂ ಹತ್ತು ರೂಪಾಯಿ ಕಮ್ಮಿ ಇತ್ತು. ಉಳಿದ ಮೂವತ್ತಕ್ಕೆ ಇನ್ನಷ್ಟು ಸೇರಿಸಿ ಮಂಡಕ್ಕಿ ಮಿರ್ಚಿ ತಿಂದೆವು, ಹಸಿವಾಗಿತ್ತಲ್ಲ. ವಾಪಸ್ ಬರುವಾಗ ನೂಕುನುಗ್ಗಲಿನಲ್ಲಿ ಟೊಮೇಟೊ ಜಜ್ಜಿ, ಯಾರೋ ಹಿರಿಯರ ಬಿಳೀ ಪಂಚೆಯ ಮೇಲೆ ರಸ ಸುರಿಯಿತು. ಅವರು ತಮ್ಮ ಸ್ಟಾಪು, ಸಾಸ್ವೆಹಳ್ಳಿ ಊರು, ಬರುವವರೆಗೂ ಬೈದರು, ಇಳಿದ ಮೇಲೆ ಕಿಟಕಿಯ ಹತ್ತಿರ ನಿಂತು ಉಳಿದದ್ದನ್ನೂ ಬೈದರು. ರೂಮಿಗೆ ಬಂದರೆ ಜಗಳೂರು ಹುಣಸೇಹಣ್ಣಿನ ಸಾರು ಮಾಡಿಟ್ಟಿದ್ದಳು. ಚೆನ್ನಾಗಿತ್ತು. ಹೇಳಲಿಲ್ಲ.

ಮೂರನೇ ತಿಂಗಳಿಗೆ ಜಗಳೂರಿನ ಬಾಡಿಗೆ ಬಾಕಿ ಬಿತ್ತು. ಓನರ್ ಆಂಟಿ ಬೆಳಿಗ್ಗೆ ಬಾಗಿಲಿಗೆ ಬಂದು, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡೇ, "ನೋಡಮ್ಮ, ನಂಗೂ ಹೇಳಾಕೆ ಬೇಜಾರು. ತಿಂಗಳ ಕೊನೇಗೆ ಕೊಡ್ಲಿಲ್ಲಾಂದ್ರೆ ಬ್ಯಾರೆ ಹುಡುಗೀರು ಕಾಯ್ತಾವ್ರೆ" ಎಂದರು. ಬೇಜಾರಿನ ಗುರುತೇನೂ ಅವರ ಮುಖದಲ್ಲಿ ಇರಲಿಲ್ಲ. ಜಗಳೂರು ಎರಡು ದಿನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಮೂರನೇ ದಿನ ಒಂದು ಮಾತು ಎತ್ತಿದಳು.

"ಅಕ್ಕಿ ತರೋ ಕೆಲ್ಸ ನಂಗೆ ಬಿಡ್ರಿ. ಪರಿಚಯದ ಅಂಗಡಿ ಒಂದೈತೆ, ಸೋನಾ ಕೇಜಿಗೆ ಆರು ರೂಪಾಯಿ ಕಮ್ಮಿ ಕೊಡ್ತಾನೆ. ದುಡ್ಡು ನನ್ನ ಕೈಗೆ ಹಾಕ್ರಿ, ತಂದು ಡಬ್ಬಿಗೆ ತುಂಬಿ, ಆರಿಸಿ, ಅನ್ನಾನೂ ನಾನೇ ಮಾಡ್ತೀನಿ."

ಆರು ರೂಪಾಯಿ ಎಂದ ಕೂಡಲೇ ನಾವಿಬ್ಬರೂ ದುಡ್ಡು ಹಾಕಿದೆವು. ಆ ವಾರ ಅವಳು ಊರಿಗೆ ಹೋಗಿ ಬಂದಳು. ಬಂದ ದಿನ ಮಧ್ಯಾಹ್ನ ಹೊಸ ಅಕ್ಕಿಯ ಅನ್ನ ಬಡಿಸಿದಳು.

ಮೊದಲ ತುತ್ತಿಗೇ ನನಗೆ ಗೊತ್ತಾಯಿತು. ಅದು ನಮ್ಮ ಮನೆಯ ಅನ್ನ. ಆ ದಪ್ಪ, ಆ ಸ್ವಲ್ಪ ಒರಟು, ಗೋಣಿಯ ಆ ಸಣ್ಣ ವಾಸನೆ, ಹತ್ತು ವರ್ಷದಿಂದ ತಿಂದ ನಾಲಿಗೆಗೆ ತಪ್ಪೀತೇ? ಸೊಸೈಟಿ ಅಕ್ಕಿ! ತಲೆ ಎತ್ತಿ ನೋಡಿದೆ. ಜಗಳೂರು ನನ್ನನ್ನೇ ನೋಡುತ್ತಿದ್ದಳು, ಕೈಯಲ್ಲಿ ಅನ್ನದ ಸೌಟು. ನಾನು ಮತ್ತೆ ತಟ್ಟೆಗೆ ಬಗ್ಗಿ, ಇನ್ನೊಂದು ಸೌಟು ಹಾಕು ಎಂದೆ.

ಯಾಕೆ ಹೇಳಲಿಲ್ಲ? ಕರುಣೆಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ಹೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರಲ್ಲ, ಅದಕ್ಕೆ. ಇನ್ನು ಸಾಸ್ವೆಹಳ್ಳಿ, ಹುಟ್ಟಿದಾಗಿನಿಂದ ಸೋನಾ ತಿಂದ ಮಹಾರಾಣಿ, ಚಪ್ಪರಿಸಿ ತಿಂದು ಹೊಗಳಿದ್ದೇ ಹೊಗಳಿದ್ದು. "ನೋಡೇ, ಅಕ್ಕಿ ಅಂದ್ರೆ ಹಿಂಗಿರ್ಬೇಕು. ಈ ಅಂಗ್ಡಿಯೋನನ್ನ ಬಿಡ್ಬ್ಯಾಡ."

ತಿಂಗಳ ಕೊನೆಗೆ ಜಗಳೂರು ಬಾಡಿಗೆ ಕೊಟ್ಟಳು, ಬಾಕಿಯನ್ನೂ ತೀರಿಸಲು ಶುರುಮಾಡಿದಳು. ನಮ್ಮ ಅಕ್ಕಿಯ ದುಡ್ಡೇ ಆಂಟಿಯ ಕೈಗೆ ಹೋಗುತ್ತಿದೆ ಎಂದು ನನಗೆ ಅರ್ಥವಾಗಿತ್ತು. ಮೋಸ ಎನ್ನಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮೊದಲ ದಿನ ಅವಳು ಇದನ್ನೇ ಹಾಡಹಗಲು ನಮ್ಮ ಮುಂದೆ ಚೀಲ ಬಿಚ್ಚಿ ಕೇಳಿದ್ದಳು, ಕೋಳಿಗೆ ಹಾಕುತ್ತೇವೆ ಎಂದವಳು ನಾನು.

ಆ ಅಕ್ಕಿಯಲ್ಲಿ ಒಂದು ತೊಂದರೆ ಇತ್ತು. ಸೊಸೈಟಿ ಅಕ್ಕಿಗೆ ಪೌಷ್ಟಿಕಾಂಶ ಸೇರಿಸಿದ ಬೆಳ್ಳನೆಯ ಕಾಳು ಬೆರೆಸಿರುತ್ತಾರೆ, ಸಾರವರ್ಧಿತ ಅಕ್ಕಿ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಇಟ್ಟ ಹೆಸರು ಪ್ಲಾಸ್ಟಿಕ್ ಅಕ್ಕಿ. ಸರ್ಕಾರ ಜನರಿಗೆ ಪ್ಲಾಸ್ಟಿಕ್ ತಿನ್ನಿಸುತ್ತಿದೆ ಎಂದು ನಂಬಿದ ಹೆಂಗಸರು ಮೊರ ಹಿಡಿದು ಒಂದೊಂದೇ ಕಾಳು ಆರಿಸಿ ಎಸೆಯುತ್ತಾರೆ. ಜಗಳೂರು ಅದನ್ನೆಲ್ಲ ನಾವು ಏಳುವ ಮೊದಲೇ ಆರಿಸಿಡುತ್ತಿದ್ದಳು. ನಮ್ಮ ಬೋಧನಾ ಅಭ್ಯಾಸದ ದಿನಗಳು ಬಂದವು. ತಮಾಷೆ ಏನೆಂದರೆ ಸಾಸ್ವೆಹಳ್ಳಿ ಏಳನೇ ತರಗತಿಗೆ ಮಾಡಿದ ಪಾಠ ಪೌಷ್ಟಿಕ ಆಹಾರದ ಮೇಲೆಯೇ ಇತ್ತು. ಬಣ್ಣದ ಚಾರ್ಟಿನಲ್ಲಿ ಸಾರವರ್ಧಿತ ಅಕ್ಕಿಯ ಚಿತ್ರ ಬರೆದು, ಕೋಲಿನಿಂದ ತೋರಿಸಿ, "ಇದು ಪ್ಲಾಸ್ಟಿಕ್ ಅಲ್ಲ ಮಕ್ಕಳೇ, ಇದರಲ್ಲಿ ಕಬ್ಬಿಣದ ಅಂಶವಿದೆ" ಎಂದು ಅಚ್ಚಗನ್ನಡದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ಅದೇ ಶಾಲೆಯ ಬಿಸಿಯೂಟವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು.

ಅದಾದ ನಾಲ್ಕನೇ ದಿನ ಭಾನುವಾರ. ಜಗಳೂರು ಜ್ವರ ಬಂದು, ಆ ದಿನದ ಅಕ್ಕಿ ಆರಿಸದೇ ಮಲಗಿದ್ದಳು. ನಾನು ಬಟ್ಟೆ ಒಗೆಯುತ್ತಿದ್ದೆ. ಸಾಸ್ವೆಹಳ್ಳಿ ಎಂದೂ ಇಲ್ಲದ ಪ್ರೀತಿ ಉಕ್ಕಿ ಅನ್ನಕ್ಕಿಡಲು ಹೋದಳು. ಅಕ್ಕಿಗೆ ನೀರು ಹಾಕಿದಳೋ ಇಲ್ಲವೋ, ಬಿಳೀ ಕಾಳುಗಳು ಮೇಲೆ ತೇಲಿದವು.

"ಪ್ಲಾಸ್ಟಿಕ್ಕು! ಲೇ, ಪ್ಲಾಸ್ಟಿಕ್ ಅಕ್ಕಿ ಕಣೇ ಇದು! ಸೊಸೈಟಿದು!" ಎಂದು ಪಾತ್ರೆ ಎತ್ತಿಕೊಂಡು ಓಡಿ ಬಂದಳು. ಗಲಾಟೆಗೆ ಓನರ್ ಆಂಟಿಯೂ ಬಂದರು, ಕರೆಯದೇ ಇದ್ದರೂ.

ಜಗಳೂರು ಹೊದಿಕೆ ಸರಿಸಿ ಎದ್ದು ಕೂತಳು. ಸುಳ್ಳು ಹೇಳಲಿಲ್ಲ. "ಹೂಂ, ನಮ್ಮನೇದು. ಮೂರು ತಿಂಗ್ಳಿಂದ ಇದೇ ಹಾಕ್ತಾ ಇದೀನಿ" ಎಂದಳು.

"ನಮ್ಮ ದುಡ್ಡು?"

"ಬಾಡಿಗೆ ಕಟ್ಟೀನಿ. ಬ್ಯಾರೆ ದಾರಿ ಇರ್ಲಿಲ್ಲ. ಕೋರ್ಸ್ ಮುಗಿದ ಮ್ಯಾಲೆ ಒಂದು ರೂಪಾಯಿ ಬಿಡದಂಗೆ ಕೊಡ್ತೀನಿ."

"ಮೋಸ ಮಾಡಿ ಮಾತು ಬ್ಯಾರೆ ಆಡ್ತೀಯಾ? ನಮ್ಮನ್ನ ಏನಂದ್ಕಂಡಿದೀಯ? ಈಗ್ಲೇ ದುಡ್ಡು ಇಡು, ಇಲ್ಲಾಂದ್ರೆ ರೂಮು ಬಿಡು" ಎಂದು ಸಾಸ್ವೆಹಳ್ಳಿ ಹಾರಾಡಿದಳು. ಆಂಟಿ ತಲೆ ಆಡಿಸಿ, "ನಂಬಿಕೆ ಮುಖ್ಯ ನೋಡಮ್ಮ" ಎಂದರು. ಅಡಿಕೆ ರೇಟು ಏರಿತು ಎಂದು ಬಾಡಿಗೆ ಏರಿಸಿದ ಹೆಂಗಸು ನಂಬಿಕೆಯ ಪಾಠ ಹೇಳುತ್ತಿತ್ತು.

ಆಗ ಜಗಳೂರು ನನ್ನ ಕಡೆ ತಿರುಗಿದಳು. ಜ್ವರಕ್ಕೆ ಕಣ್ಣು ಕೆಂಪಾಗಿದ್ದವು. "ನೀ ಹೇಳೇ. ಮೂರು ತಿಂಗ್ಳು ತಿಂದೀಯಲ್ಲ, ಏನಾದ್ರೂ ಆತೇನು ನಿಂಗೆ?"

ಕೈ ತುಂಬ ಸೋಪಿನ ನೊರೆ, ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕಾದ್ದು ಒಂದೇ ಸಾಲು. ನಮ್ಮ ಮನೆಯಲ್ಲೂ ಇದೇ ತಿನ್ನೋದು, ಬಿಡೇ ಸಾಸ್ವೆಹಳ್ಳಿ, ಇಷ್ಟಕ್ಕೆ ಯಾಕೆ ಕುಣಿಯುತ್ತೀಯ, ಅಷ್ಟೇ. ಅಷ್ಟು ಹೇಳಿದ್ದರೆ ಅವಳು ಉಳಿಯುತ್ತಿದ್ದಳು. ನಾನು ಆಂಟಿಯ ಮುಖ ನೋಡಿದೆ, ಸಾಸ್ವೆಹಳ್ಳಿಯ ಮುಖ ನೋಡಿದೆ, ಅಮ್ಮನ ಅಟ್ಟದ ಮೂಟೆ ಕಣ್ಣ ಮುಂದೆ ಬಂತು.

"ನಂಗೂ ಮೊದ್ಲಿಂದ ಏನೋ ವಾಸನೆ ಹೊಡೀತಿತ್ತು ನೋಡು" ಎಂದೆ.

ಥೂ ನನ್ನ ಬಾಯಿಗೆ. ಇಷ್ಟು ವರ್ಷದಲ್ಲಿ ಎಷ್ಟೋ ಸುಳ್ಳು ಹೇಳಿದ್ದೇನೆ, ಆದರೆ ಆ ಮಾತಿನಷ್ಟು ಹೊಲಸು ಮಾತು ಇನ್ನೊಂದು ಆಡಿಲ್ಲ.

ಸೋಮವಾರ ಬೆಳಿಗ್ಗೆ ಜಗಳೂರು ಜ್ವರದಲ್ಲೇ ಬ್ಯಾಗು ಎತ್ತಿಕೊಂಡಳು. ದಾವಣಗೆರೆ ಬಸ್ಸಿಗೆ ಹೋಗುವಾಗ ನಾನು ಹಿಂದೆ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಅವಳು ಒಂದು ಕಡೆ ನಿಂತು ಬ್ಯಾಗು ಕೈ ಬದಲಾಯಿಸಿದಳು. ಹಿಡಿದುಕೊಳ್ಳಲೇ ಎಂದು ಕೇಳಿದೆ. ಬೇಡ ಎಂದಳು.

ಅವಳು ಬಿಟ್ಟುಹೋದ ಅಕ್ಕಿ ಅರ್ಧ ಚೀಲ ಇತ್ತು. ನಮ್ಮ ಹತ್ತಿರ ದುಡ್ಡಿರಲಿಲ್ಲ, ತಿಂಗಳು ಮುಗಿಯಲು ಇನ್ನೂ ಹದಿನೆಂಟು ದಿನ. ಎರಡು ದಿನ ಮಂಡಕ್ಕಿಯಲ್ಲಿ ಕಳೆದೆವು. ಮೂರನೇ ದಿನ ಸಾಸ್ವೆಹಳ್ಳಿ ಚೀಲದ ಬಾಯಿ ಬಿಚ್ಚಿದಳು. ಮೊರ ಇರಲಿಲ್ಲ, ತಟ್ಟೆಯಲ್ಲೇ ಅಕ್ಕಿ ಹರಡಿಕೊಂಡು ಕೂತಳು. ಕಿವಿಗೆ ಫೋನು ಸಿಕ್ಕಿಸಿಕೊಂಡು ಅವರಮ್ಮನ ಜೊತೆ ಮಾತಾಡುತ್ತಿದ್ದಳು, ಕಣ್ಣು ಕಿಟಕಿಯ ಹೊರಗೆ. ಬೆರಳುಗಳು ಮಾತ್ರ ತಟ್ಟೆಯಲ್ಲಿ ಓಡಾಡಿ ಬಿಳೀ ಕಾಳನ್ನು ಒಂದೂ ಬಿಡದಂತೆ ಹೆಕ್ಕಿ ಹಾಕುತ್ತಿದ್ದವು. ಒಂದು ದಿನದಲ್ಲಿ ಬರುವ ವಿದ್ಯೆ ಅಲ್ಲ ಅದು. ವರ್ಷಗಟ್ಟಲೆ ಮಾಡಿರಬೇಕು. ನಾನು ನೋಡುತ್ತಾ ನಿಂತೆ. ಅವಳು ನನ್ನ ನೋಟ ಕಂಡು ತಟ್ಟೆಯನ್ನು ಗೋಡೆ ಕಡೆಗೆ ತಿರುಗಿಸಿಕೊಂಡಳು. ಅವಳನ್ನು ಕೇಳುವ ಮುಖ ನನಗೆಲ್ಲಿತ್ತು? ಹದಿನಾರು ದಿನ ಆ ಅನ್ನವನ್ನೇ ತಿಂದೆವು. ನಾನೂ ಅವಳೂ ಒಳ್ಳೆಯ ಅಂಕ ತೆಗೆದು ಪಾಸಾದೆವು.

ಜಗಳೂರು ಪರೀಕ್ಷೆಗೆ ಬರಲಿಲ್ಲ. ಎರಡನೇ ವರ್ಷವೂ ಬರಲಿಲ್ಲ. ಕೋರ್ಸು ಮುಗಿದ ಮೇಲೆ ಒಂದು ದಿನ ಅವಳಿಂದ ನನ್ನ ಫೋನಿಗೆ ದುಡ್ಡು ಬಂತು, ಮೂರು ತಿಂಗಳ ಅಕ್ಕಿಯದ್ದು, ಒಂದು ರೂಪಾಯಿ ಬಿಡದಂತೆ. ನಾವು ಓದಿ ಮುಗಿಸುವ ದಿನದ ಲೆಕ್ಕವನ್ನೂ ಅವಳು ಇಟ್ಟುಕೊಂಡಿದ್ದಳು. ಫೋನು ಮಾಡಿದೆ. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು, ಇನ್ನೊಂದು ಬಣ್ಣ ತೋರಿಸಿ ಎಂದು ಯಾರೋ ಕೇಳುತ್ತಿದ್ದರು.

"ನಂಗೆ ಬ್ಯಾಡ ಕಣೇ ಈ ದುಡ್ಡು. ಒಂದು ಮಾತು ಹೇಳಾಕೆ ಮಾಡ್ದೆ" ಎಂದೆ. "ನಮ್ಮನೇಲೂ ಅದೇ ಅಕ್ಕಿ ತಿನ್ನೋದು. ಯಾವಾಗ್ಲೂ ಅದೇ. ಮೊದ್ಲ ತುತ್ತಿಗೇ ನಂಗೆ ಗೊತ್ತಾಗಿತ್ತು."

ಅವಳು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಂಗೂ ಗೊತ್ತಾತಲ್ಲೇ, ನಿನ್ನ ಮುಖ ನೋಡಿ. ಇವಳೂ ನಮ್ಮಂಗೇ ಅಂತ ಅವತ್ತೇ ಗೊತ್ತಾತು. ಆ ಧೈರ್ಯಕ್ಕೇ ಮೂರು ತಿಂಗ್ಳು ಹಾಕ್ದೆ. ಸಿಕ್ಕಿಬಿದ್ರೂ ನೀ ಒಬ್ಳು ನನ್ನ ಕಡೆ ಇರ್ತೀಯ ಅಂತಿದ್ದೆ" ಎಂದಳು. ಆಮೇಲೆ ಯಾರಿಗೋ "ಬಂದೆ ಅಕ್ಕಾ, ಅದರಾಗೇ ಹಸಿರು ಐತೆ, ತೋರಿಸ್ತೀನಿ" ಎಂದು ಫೋನಿಟ್ಟಳು.